ಹತ್ತನೆಯ ಸೀಸೆ

ಅಟ್ಟದ ಕೊಬ್ಬರಿ ಇಳಿಸುವಾಗ ಮೂಲೆಯಲ್ಲಿ ಪುಟ್ಟ ಗಾಜಿನ ಸೀಸೆಯೊಂದು ಸಿಕ್ಕಿತು. ಒಳಗಿನ ನೀರು ಮಸಿಯಂತೆ ಕಪ್ಪು. ಮುಚ್ಚಳ ಸಡಿಲಿಸಿದರೆ ಕೊಳೆತ ಮೊಟ್ಟೆಯ ವಾಸನೆ. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಮೇಷ್ಟ್ರ ದುಂಡನೆಯ ಅಕ್ಷರ: ಹತ್ತು.

ಅವರು ನಮ್ಮ ಪಕ್ಕದ ತೋಟದವರು. ಹೊನ್ನವಳ್ಳಿ ಕಡೆ ವಿಜ್ಞಾನ ಪಾಠ ಹೇಳಿ ನಿವೃತ್ತರಾಗಿದ್ದರು. ಬತ್ತಿದ ಬೋರ್‌ವೆಲ್‌ಗೆ ಕಕ್ಕಸಿನ ಪೈಪ್ ಇಳಿಸುವುದು ಆಗ ನಮ್ಮೂರಲ್ಲಿ ಜಾಣತನ ಎನಿಸಿಕೊಂಡಿತ್ತು. ಗುಂಡಿಯ ಹಾಗೆ ಅದು ತುಂಬುವುದಿಲ್ಲವಲ್ಲ. ತುಂಬದ್ದು ಎಲ್ಲಿಗೆ ಹೋಗುತ್ತದೆ ಎಂದು ತೋರಿಸಲು ಮೇಷ್ಟ್ರು ಸೈಕಲ್ಲಿನಲ್ಲಿ ತೋಟ ತೋಟ ಸುತ್ತಿದರು. ಕುಡಿಯುವ ನೀರನ್ನು ಪರೀಕ್ಷೆಯ ಮದ್ದು ಹಾಕಿದ ಸೀಸೆಗೆ ಹಿಡಿದು, ಆಯಾ ಮನೆಯ ಬೆಚ್ಚನೆಯ ಅಟ್ಟದಲ್ಲೇ ಇಡಿಸುತ್ತಿದ್ದರು.

"ಕೊಬ್ಬರಿಗೆ ವರ್ಷ ಬೇಕು, ಇದಕ್ಕೆ ಎರಡೇ ದಿನ ಕಣಪ್ಪ. ಹೊಲಸು ಸೇರಿದ್ರೆ ಕಪ್ಪಾಯ್ತದೆ."

ಹತ್ತು ತೋಟದ ನೀರೂ ಕಪ್ಪಾಯಿತು. ಹತ್ತನೆಯದು ನಮ್ಮದು.

ನಾನಾಗ ತಿಪಟೂರಿನಲ್ಲಿ ಪತ್ರಿಕೆಯ ವರದಿಗಾರ. ಮೇಷ್ಟ್ರು ಪಟ್ಟಿ ತಂದುಕೊಟ್ಟರು. ಅಪ್ಪ ಅದನ್ನು ನೋಡಿ, "ಕಾಯಿ ಕೆಡವಿದ್ಮೇಲೆ ಪೈಪ್ ತೆಗೆಸ್ತೀನಿ, ನಮ್ದೊಂದು ಬುಡು" ಎಂದರು. ಬಿಟ್ಟೆ... ವರದಿ ಬಂದ ದಿನ ಮೇಷ್ಟ್ರು ಕನ್ನಡಕ ತೆಗೆದು ಕೇಳಿದ್ದು ಇಷ್ಟೇ: "ನಾನು ಕೊಟ್ಟಿದ್ದು ಹತ್ತಲ್ವೇನಪ್ಪ?"

ವಾರದೊಳಗೆ ನಮ್ಮ ಗೇಟಿನ ಪಕ್ಕದ ನಲ್ಲಿಗೆ ಕ್ಯಾನುಗಳು ಸಾಲುಗಟ್ಟಿದವು. ಪೇಪರಿನ ಪಟ್ಟಿಯಲ್ಲಿ ಇಲ್ಲದ ತೋಟ ಅಂದರೆ ನೀರು ಚೆನ್ನಾಗಿದೆ ಎಂದು ಜನ ತಿಳಿದಿದ್ದರು. ಮೇಷ್ಟ್ರು ದಿನವೂ ಬಂದು ನಿಂತು ಬೇಡ ಎನ್ನುತ್ತಿದ್ದರು. "ಪಕ್ಕದ ತೋಟದ್ದು ಚೆನ್ನಾಗೈತೆ ಅಂತ ಹೊಟ್ಟೆಉರಿ ಕಣ್ಲಾ" ಎಂದು ಜನ ತಮ್ಮತಮ್ಮಲ್ಲೇ ನಗುತ್ತಾ ತುಂಬಿಕೊಂಡು ಹೋದರು. ನಾನು ತಿದ್ದುಪಡಿ ಬರೆಯಬಹುದಿತ್ತು. ಕಾಯಿ ಕೆಡವಿದ ಮೇಲೆ, ಪೈಪ್ ತೆಗೆಸಿದ ಮೇಲೆ...

ಮೇಷ್ಟ್ರು ತೀರಿಕೊಂಡರು. ಕೊನೆಯವರೆಗೂ ಆ ಪ್ರಶ್ನೆಯನ್ನು ಅವರು ಇನ್ನೊಮ್ಮೆ ಕೇಳಲಿಲ್ಲ. ಅಪ್ಪನೂ ಹೋದ ಮೇಲೆ ನಮ್ಮ ಪೈಪ್ ಕಿತ್ತೆ. ಉಳಿದವರವು ಹಾಗೇ ಇವೆ. ನಮ್ಮ ನಲ್ಲಿಯ ನೀರು ಈಗಲೂ ಕಪ್ಪಾಗುತ್ತದೆ.

ಇವತ್ತು ಸೀಸೆ ಹಿಡಿದು ಗೇಟಿಗೆ ಹೋದೆ. ಮೇಷ್ಟ್ರು ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು. ಅಲ್ಲಿ ನಿಂತು, ಕ್ಯಾನ್ ತುಂಬಿಸುತ್ತಿದ್ದವನಿಗೆ ಹೇಳಿದೆ: ಈ ನೀರು ಆವತ್ತೇ ಕೆಟ್ಟಿತ್ತು, ನಾನೇ ಬರೆಯಲಿಲ್ಲ.

ಅವನು ಸೀಸೆಯನ್ನೂ ನನ್ನನ್ನೂ ನೋಡಿದ.

"ಬುಡಿ ಸಾರ್, ನೀವೂ ಮೇಷ್ಟ್ರಂಗೇ ಶುರು ಮಾಡ್ಕಂಡ್ರಿ" ಎಂದು ನಕ್ಕು, ತುಂಬಿದ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಹೊರಟ.