ಕೋಟು ಹಾಕಿದ ಜುಂಜಯ್ಯ

ಹನ್ನೊಂದನೇ ದಿನದ ಕಾರ್ಯಕ್ಕೆಂದು ಹಿರಿಯೂರಿನ ಮನೆ ಮುಂದೆ ಕಟ್ಟಿಸಿದ್ದ ಫ್ಲೆಕ್ಸಿನಲ್ಲಿ ಜುಂಜಯ್ಯ ಕೋಟು ಹಾಕಿಕೊಂಡು ನಿಂತಿದ್ದ. ತೊಂಬತ್ತು ದಾಟಿದ ಆಯುಷ್ಯದಲ್ಲಿ ಅವನು ಒಂದು ದಿನವೂ ಕೋಟು ತೊಟ್ಟವನಲ್ಲ. ಮೊಮ್ಮಗ ಓಬಳೇಶ್ ಹೇಳಿದ್ದಕ್ಕೆ ಸ್ಟುಡಿಯೋದ ದುರ್ಗೇಶ್ ಕಂಪ್ಯೂಟರಿನಲ್ಲಿ ತೊಡಿಸಿದ್ದ.

"ಹೆಗಲ ಮೇಲಿನ ಕಂಬಳಿ ಪೂರ್ತಿ ಅಳಿಸಿಬಿಟ್ಟೆ ಸಾರ್. ರುಮಾಲು ತೆಗೆದು ತಲೆ ಬಾಚಿದೀನಿ. ಈಗ ನೋಡ್ರಿ, ಥೇಟ್ ಜಿಲ್ಲಾ ಪಂಚಾಯ್ತಿ ಅಧ್ಯಕ್ಷರು!"

ಓಬಳೇಶನಿಗೆ ಅದು ಹಿಡಿಸಿತ್ತು. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಅವನು. ಮೇಲಧಿಕಾರಿಗಳು ಬರುವವರಿದ್ದರು. ತಾತನನ್ನು ಹತ್ತು ಜನ ನೋಡಿ ಮೆಚ್ಚುವಂತೆ ಕಳಿಸಿಕೊಡಬೇಕೆಂಬುದು ಅವನ ಆಸೆ. ತಾಯಿ ರಂಗಕ್ಕ ಮಾತ್ರ ಫ್ಲೆಕ್ಸನ್ನು ಬಹಳ ಹೊತ್ತು ನೋಡಿ, "ನಮ್ಮಪ್ಪ ಹಿಂಗಿರ್ಲಿಲ್ಲ ಕಣಪ್ಪ" ಎಂದಿದ್ದಳು.

"ನಿಂಗೆ ಗೊತ್ತಾಗಲ್ಲ, ಸುಮ್ಕಿರವ್ವ."

ರಂಗಕ್ಕ ಅಪ್ಪನ ಕಂಬಳಿಯನ್ನಾದರೂ ಪೂಜೆಯ ಗದ್ದಿಗೆಗೆ ಹಾಸೋಣವೆಂದು ಮೂಲೆಯಲ್ಲಿ ಮಡಿಸಿಟ್ಟಿದ್ದಳು. ಬೆಳಿಗ್ಗೆ ಅಡುಗೆಯವರು, "ಸಾರ್, ಹೊಸ ಟೈಲ್ಸು, ಸಾಂಬಾರ್ ಕೊಳಗ ಇಟ್ರೆ ಕಲೆ ಬೀಳತೈತೆ, ಏನಾದ್ರೂ ಹಳೇದು ಕೊಡ್ರಿ" ಎಂದಾಗ ಓಬಳೇಶನ ಕೈಗೆ ಸಿಕ್ಕಿದ್ದು ಅದೇ. ಎತ್ತಿ ಕೊಟ್ಟುಬಿಟ್ಟ. ತಾಯಿ ನೆಂಟರ ನಡುವೆ ಇದ್ದಳು, ನೋಡಲಿಲ್ಲ.

ಮಧ್ಯಾಹ್ನದ ಪಂಕ್ತಿ ನಡೆಯುತ್ತಿತ್ತು. ಓಬಳೇಶ್ ಫ್ಲೆಕ್ಸಿನ ಪಕ್ಕದಲ್ಲೇ ನಿಂತು ತನ್ನ ಸಾಹೇಬರನ್ನು ಮಾತಾಡಿಸುತ್ತಿದ್ದ.

"ಅಜ್ಜಾರು ಏನು ಮಾಡ್ತಿದ್ರು ಓಬಳೇಶ್?"

"ಜಮೀನು ನೋಡ್ಕೊಳ್ತಿದ್ರು ಸಾರ್."

ಆಗಲೇ ಮುದುಕಿಯೊಬ್ಬಳು ಗಂಡನ ಜೊತೆ ಬಂದು ಎದುರು ನಿಂತಳು. ಸೊಂಟದಲ್ಲಿ ಬಟ್ಟೆಯ ಗಂಟು, ಕಾಲ ತುಂಬ ಹೈವೇಯ ಧೂಳು.

"ಏನಪ್ಪಾ, ಕುರಿ ಜುಂಜಣ್ಣನ ಮನೆ ಯಾವ್ದು? ಬಾಗೂರಿಂದ ಬಂದೀವಿ. ಈ ಬೀದಿ ಅಂದ್ರು. ಎರಡು ಸಲ ತಿರುಗಿದ್ವಿ, ಬರೀ ಈ ಕೋಟಿನ ಯಜಮಾನ್ರ ಪಟ ಕಾಣತೈತೆ."

ಸಾಹೇಬರು ಮುಗುಳ್ನಕ್ಕು ನೋಡುತ್ತಿದ್ದರು. ಓಬಳೇಶನ ಬಾಯಲ್ಲಿ ಮಾತು ಸಿದ್ಧವಾಗಿಯೇ ಇತ್ತು. ಇದೇ ಮನೆ, ಬರ್ರಿ, ಎನ್ನಬೇಕಿತ್ತು, ಅಷ್ಟೆ.

"ಆ ಕಡೆ ಕೇಳ್ರಿ" ಎಂದ, ಕೈ ತೋರಿಸಿ.

ಮುದುಕಿ ಇನ್ನೊಮ್ಮೆ ಪಟ ನೋಡಿದಳು. ಗಂಡ, "ನಾನ್ ಹೇಳ್ಲಿಲ್ವೇನೇ, ಇದು ದೊಡ್ಡೋರ ಮನೆ ಕಾರ್ಯ" ಎಂದು ಗೊಣಗಿದ. ಇಬ್ಬರೂ ಬಸ್‌ ಸ್ಟ್ಯಾಂಡಿನ ದಾರಿ ಹಿಡಿದರು.

ಸಾಹೇಬರು ಊಟಕ್ಕೆ ಹೋದರು. ಓಬಳೇಶ್ ಅಲ್ಲೇ ನಿಂತ. ಬಾಗೂರು ಎಂಬ ಹೆಸರು ಎದೆಯಲ್ಲಿ ಮುಳ್ಳಿನಂತೆ ಆಡತೊಡಗಿತು. ತಾತನ ತೊಡೆಯ ಮೇಲೆ ಮಲಗಿ ಅವನು ಕೇಳಿದ ಊರುಗಳಲ್ಲಿ ಅದೂ ಒಂದು.

ಜುಂಜಯ್ಯ ಮೀಸೆ ಮೂಡುವ ಮೊದಲೇ ಮಂದೆಯ ಹಿಂದೆ ಹೊರಟವನು. ಬೇಸಿಗೆಯಲ್ಲಿ ಆಂಧ್ರದ ಗಡಿ ದಾಟಿ, ಮಳೆಗಾಲಕ್ಕೆ ಬಾಯಿತುಂಬ ತೆಲುಗು ಹಾಡು ತುಂಬಿಕೊಂಡು ಮರಳುತ್ತಿದ್ದ. ವೇದಾವತಿ ತುಂಬಿ ಹರಿದ ವರ್ಷ ದೊಡ್ಡ ಟಗರಿನ ಕೊಂಬು ಹಿಡಿದು ನೀರಿಗಿಳಿದಿದ್ದ. ಹಿಂದೆ ಇಡೀ ಮಂದೆ ಇಳಿದು ದಡ ಸೇರಿತ್ತು. ರಾಮಗಿರಿ ಬೆಟ್ಟದಲ್ಲಿ ತೋಳದ ಬಾಯಿಂದ ಮರಿ ಕಿತ್ತ ಗಾಯ ಅವನ ಮುಂಗೈಯಲ್ಲಿ ಕೊನೆತನಕ ಇತ್ತು. ಅದೇ ರಾಮಗಿರಿ ಸ್ಟೇಷನ್ನಿನಲ್ಲಿ ಒಂದು ಸಂಜೆ, ಮಳೆಗೆ ಹೆದರಿದ ಕುರಿಗಳು ನಿಂತಿದ್ದ ಗೂಡ್ಸ್ ಗಾಡಿಯ ಖಾಲಿ ಡಬ್ಬಿ ಹತ್ತಿಬಿಟ್ಟವಂತೆ. ಇಳಿಸಲು ಇವನೂ ಹತ್ತಿದ, ರೈಲು ಹೊರಟೇಬಿಟ್ಟಿತು. "ಟಿಕೀಟಿಲ್ದೆ ಚಿಕ್ಕಜಾಜೂರು ನೋಡ್ಕಂಬಂದ್ವು ಕಣ್ಲಾ ನನ್ ಕುರಿ" ಎಂದು ತಾತ ನಕ್ಕರೆ ತೊಡೆಯೇ ಕುಲುಕುತ್ತಿತ್ತು.

ಆ ಕತೆಗಳಲ್ಲೆಲ್ಲ ಹೆಗಲ ಮೇಲೆ ಅದೇ ಕಂಬಳಿ ಇರುತ್ತಿತ್ತು. ಜಮೀನು ಎಲ್ಲಿಯೂ ಇರಲಿಲ್ಲ.

ಓಬಳೇಶ್ ಬೈಕ್ ತೆಗೆದ. ಮುದುಕ ಮುದುಕಿ ಹೊಸದುರ್ಗದ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಂತಿದ್ದರು. ಗಂಟು ಇನ್ನೂ ಮುದುಕಿಯ ಮಡಿಲಲ್ಲೇ ಇತ್ತು.

"ಅಜ್ಜಿ, ವಾಪಸ್ ಬರ್ರಿ. ಅದೇ ಮನೆ. ನಾನು ಜುಂಜಯ್ಯನ ಮೊಮ್ಮಗ."

"ಅಯ್ಯೋ ನನ್ನಪ್ಪ!" ಮುದುಕಿ ಎದ್ದು ಅವನ ಗಲ್ಲ ಹಿಡಿದಳು. "ರಂಗಕ್ಕ ಫೋನ್ ಮಾಡಿದ್ಲು, ಬರದೆ ಇರಕಾಗತೈತೇನು? ನಾನು ತಿಪ್ಪಕ್ಕ. ಇವ್ರು ನಮ್ಮನೆಯೋರು, ರಂಗಪ್ಪ. ನಿನ್ನ ಕೇಳಿದ್ನಲ್ಲೋ ಮಗ, ಗದ್ದಲದಾಗೆ ಕೇಳಿಸ್ಲಿಲ್ಲ ಅನ್ನು."

"ಹೂಂ" ಎಂದುಬಿಡುವುದು ಸುಲಭವಿತ್ತು. ಓಬಳೇಶನಿಗೆ ಅದೂ ಬರಲಿಲ್ಲ. ಬೈಕನ್ನು ಅಲ್ಲೇ ಬಿಟ್ಟು ಆಟೋ ಕೂಗಿದ.

ಆಟೋದಲ್ಲಿ ಕೂರಿಸಿಕೊಂಡು ಬರುವಾಗ ತಿಪ್ಪಕ್ಕ ಮಾತು ನಿಲ್ಲಿಸಲಿಲ್ಲ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಜುಂಜಣ್ಣ ಅವರ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದ. ಕುರಿಗಳು ಮಲಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಕಿರಲಿಲ್ಲ. ಮಂದೆ ಹೊಲಕ್ಕಿಳಿಯುವ ಮೊದಲು ಅವನ ಕಂಬಳಿ ಹಾಸಿ, ಮೇಲೆ ರಾಗಿ ಸುರಿದು, ಎಲೆ ಅಡಿಕೆ ಇಟ್ಟು ಕೈ ಮುಗಿಯುವುದು ಪದ್ಧತಿ.

"ಒಂದು ವರ್ಷ ಹಂಗೆ ಮಂದೆ ಬಿಟ್ಟ ದಿನಾನೇ ನಂಗೆ ಹೆರಿಗೆ ನೋವು ಬಂತು. ಅಕಾಲದ ಮಳೆ ಹಿಡ್ದಿತ್ತು, ಗಾಡಿ ಹೋಗಂಗಿರ್ಲಿಲ್ಲ. ಜುಂಜಣ್ಣ ಕಂಬಳೀನ ಬೊಂಬಿಗೆ ಜೋಲಿ ಕಟ್ಟಿ, ಮುಂದೆ ಅವ್ನು, ಹಿಂದೆ ಇವ್ರು. ಹೊಸದುರ್ಗದ ಆಸ್ಪತ್ರೆಗಂಟ ಹೊತ್ರು."

"ಅರ್ಧ ದಾರೀಗೆ ನಾನು ಸುಸ್ತಾದೆ" ಎಂದ ರಂಗಪ್ಪ. "'ಲೇ ರಂಗ, ಕುರಿ ಈಯೋದು ನೋಡಿಲ್ವೇನೋ, ನಡಿ' ಅಂತ ಬೈಕಂತ ಎಳ್ಕೊಂಡೋದ."

"ನಮ್ಮ ಮಾರುತೇಶ ಹುಟ್ಟಿದ್ದು ಹಂಗೆ. ಅದ್ಕೇ ರಾಗಿ ತಂದೀನಿ, ಅದೇ ಹೊಲದ್ದು. ಅವನ ಕಂಬಳಿ ಮ್ಯಾಲೆ ಸುರಿದು ಕೈ ಮುಗುದ್ರೆ ನನ್ ಜೀವಕ್ಕೆ ಸಮಾಧಾನ. ಕಂಬಳಿ ಐತಲ್ವಾ ಮಗ?"

"ಐತೆ" ಎಂದ ಓಬಳೇಶ್.

ರಂಗಕ್ಕ ತಿಪ್ಪಕ್ಕನನ್ನು ತಬ್ಬಿ ಅಳುತ್ತಿದ್ದಾಗ ಅವನು ಹಿತ್ತಲಿಗೆ ಓಡಿದ. ಸಾಂಬಾರಿನ ಕೊಳಗ ಅರ್ಧ ಖಾಲಿಯಾಗಿತ್ತು. ತಾನೇ ಎರಡೂ ಕೈ ಹಾಕಿ ಅದನ್ನು ಸರಿಸಿ ಕಂಬಳಿ ಎಳೆದ. ನಡುವೆ ದೊಡ್ಡ ಗುಂಡನೆಯ ಕಲೆ, ಎಣ್ಣೆ, ಬೇಳೆ, ಚಪ್ಪಲಿಯ ಗುರುತು. ನಲ್ಲಿಯ ಕೆಳಗೆ ಹಿಡಿದು ಉಜ್ಜಿದ. ನೀರು ಹಳದಿಯಾಗಿ ಇಳಿಯಿತೇ ಹೊರತು ಕಲೆ ಇಳಿಯಲಿಲ್ಲ. ಕೊನೆಗೆ ಕಲೆಯ ಭಾಗವನ್ನು ಒಳಗೆ ಮಡಿಸಿ ತಂದು ಫ್ಲೆಕ್ಸಿನ ಮುಂದೆ ಹಾಸಿದ.

ಕೈ ತೊಳೆದು ಬಂದ ಸಾಹೇಬರು, ಇಲಾಖೆಯವರು ಸುತ್ತ ನಿಂತರು. ತಿಪ್ಪಕ್ಕ ಗಂಟು ಬಿಚ್ಚಿದಳು. ಸುರಿಯುವ ಮುಂಚೆ ಕಂಬಳಿಯ ಮೇಲೆ ಕೈಯಾಡಿಸಿದಳು. ಮಡಿಕೆಯನ್ನು ಬಿಡಿಸಿ ಸರಿಯಾಗಿ ಹರಡಿದಳು. ಅವಳ ಕೈ ನಿಂತಿತು.

"ಯಾಕೆ ಇಷ್ಟು ಒದ್ದೆ?"

ರಂಗಕ್ಕನಿಗೆ ಕಲೆ ಕಂಡಿತು. ಅವಳು ಮಗನ ಮುಖ ನೋಡಿದಳು, ಅಡುಗೆಯವರ ಕಡೆ ನೋಡಲಿಲ್ಲ.

"ನಾನೇ ಅಜ್ಜಿ" ಎಂದ ಓಬಳೇಶ್. ದನಿ ಸಣ್ಣದಾಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು. "ಸಾಂಬಾರ್ ಕೊಳಗದ ಕೆಳಗೆ ಹಾಸಕೆ ಕೊಟ್ಟಿದ್ದೆ. ನೀವು ಕೇಳಿದ್ದೂ ಕೇಳಿಸಿತ್ತು. ಗೊತ್ತಿದ್ದೇ ಆ ಕಡೆ ಕೇಳ್ರಿ ಅಂದೆ." ಆಮೇಲೆ ಸಾಹೇಬರ ಕಡೆ ತಿರುಗಿದ. "ನಮಗೆ ಜಮೀನಿರಲಿಲ್ಲ ಸಾರ್. ತಾತ ಕುರಿ ಕಾಯ್ತಿದ್ದ."

ತಿಪ್ಪಕ್ಕ ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕಂಬಳಿಯ ಅಂಚನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತ ಹೋದಳು. ಒಂದು ಮೂಲೆಯಲ್ಲಿ ಬೆರಳು ನಿಂತಿತು.

"ಇಲ್ಲಿ ಒಣಗೈತೆ" ಎಂದಳು. "ಇಲ್ಲೇ ಹಾಕ್ತೀನಿ."

ರಾಗಿ ಸಣ್ಣಗೆ ಸದ್ದು ಮಾಡುತ್ತ ಆ ಮೂಲೆಗೆ ಬಿತ್ತು. ತಿಪ್ಪಕ್ಕ ಕೈ ಮುಗಿದಳು, ಫ್ಲೆಕ್ಸಿನ ಕಡೆ ನೋಡದೆ, ಕಂಬಳಿಗೆ. ಓಬಳೇಶನೂ ಮೊಣಕಾಲೂರಿ ಬಾಗಿದ. ಅವನ ಹಣೆ ತಾಗಿದ್ದು ಒದ್ದೆಯ ಕಡೆಗೆ. ಸಾಂಬಾರಿನ ವಾಸನೆಯ ಅಡಿಯಲ್ಲಿ, ಎಲ್ಲೋ ಆಳದಲ್ಲಿ, ಕುರಿಯ ವಾಸನೆ ಇನ್ನೂ ಇತ್ತು. ಅವನಿಗೆ ಬೇಗ ತಲೆಯೆತ್ತಲಾಗಲಿಲ್ಲ.