ಚಂದ್ರನ ಚೆಕ್ಕುಬಂದಿ

ನಡುಬೆರಳಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಜಡ್ಡು, ಅದರ ಮೇಲೆ ಎಷ್ಟು ತೊಳೆದರೂ ಹೋಗದ ಮಸಿ. ಬಲಗೈಯೇ ಇರಬೇಕು, ಮುಖಕ್ಕಿಂತ ಮೊದಲು ನನಗೆ ನೆನಪಾಗುವುದು ಆ ಬೆರಳು. ಹುಣಸೂರಿನ ಕಚೇರಿ ಎದುರು ಕೂತು ಜಮೀನಿನ ಕ್ರಯಪತ್ರ ಬರೆಯುತ್ತಿದ್ದ ಸಾಬರು ಅವರು. ನೆಲದ ನಾಲ್ಕು ದಿಕ್ಕಿಗೂ ಯಾರ್ಯಾರ ನೆಲವಿದೆ ಎಂಬ ಚೆಕ್ಕುಬಂದಿ ಕೇಳದೆ ಲೇಖನಿ ಎತ್ತುತ್ತಿರಲಿಲ್ಲ. "ಪಕ್ಕದೋನು ಯಾರೂಂತ ಗೊತ್ತಿಲ್ದಿದ್ರೆ ನಿನ್ನ ಜಮೀನು ಗಾಳೀಲದೆ ಕಣಪ್ಪ" ಎಂದು ರೈತರನ್ನು ಗದರುತ್ತಿದ್ದರು.

ಯುದ್ಧದ ವರ್ಷಗಳು. ನಾನು ಅಲ್ಲಿಗೆ ಹೊಸದಾಗಿ ಬಂದ ಮೇಷ್ಟ್ರು. ಗೆಳೆಯರ ಕೈಬರಹದ ಪತ್ರಿಕೆಗೊಂದು ಕಥೆ ಬರೆದಿದ್ದೆ. ಎರಡು ಸಾಮ್ರಾಜ್ಯಗಳು ಹಾರುವ ಹಡಗುಗಳಲ್ಲಿ ಪೈಪೋಟಿಯಿಂದ ಹೋಗಿ ಚಂದ್ರನ ಮೇಲೆ ಬಾವುಟ ನೆಡುತ್ತವೆ, ಬಡಿದಾಡುತ್ತವೆ, ಕೊನೆಗೆ ಎರಡೂ ಕಡೆ ಒಬ್ಬನೂ ಉಳಿಯುವುದಿಲ್ಲ. ಆ ಕೊನೆಯ ಬಗ್ಗೆ ನನಗೆ ಬಲು ಹೆಮ್ಮೆ. ಸಾಬರ ಅಕ್ಷರ ಮುತ್ತಿನಂತಿತ್ತು, ಪ್ರತಿ ಮಾಡಲು ಅವರಿಗೇ ಕೊಟ್ಟೆ.

ಮೂರು ದಿನ ಬಿಟ್ಟು ಹೋದರೆ ಕೊನೆಯ ಹಾಳೆ ಖಾಲಿ.

"ಆಗಾಕಿಲ್ಲ ಮೇಷ್ಟ್ರೇ. ಇಷ್ಟು ಹುಡುಗ್ರನ್ನ ನನ್ನ ಕೈಯಾರೆ ಸಾಯ್ಸಕ್ಕಾಗಲ್ಲ."

"ಇದು ಬರೀ ಕಥೆ, ಸಾಬರೇ!"

"ನನ್ನ ಮಗ ಬರ್ಮಾ ಕಡೆ ಪಟಾಲಮ್ಮಿನ ಲಾರಿ ಓಡಿಸ್ತಾನೆ. ಕಾಗದ ಬಂದು ಐದು ತಿಂಗಳಾಯ್ತು. ಈಗ ಹೇಳಿ, ಬರೀಲಾ?"

 ಅವರು ಒಂದು ಕಿತ್ತಳೆ ಎತ್ತಿಕೊಂಡು (ನಿಂಬೆಹಣ್ಣೂ ಇರಬಹುದು) ಅದರ ಮೇಲೆ ಉಗುರಿನಿಂದ ಗೆರೆ ಎಳೆದರು. "ಚಂದ್ರನೂ ಗುಂಡಗದೆ. ಇರೋರು ಇಬ್ಬರೇ. ಇವನಿಗೆ ಪೂರ್ವಕ್ಕೂ ಅವನೇ, ಪಶ್ಚಿಮಕ್ಕೂ ಅವನೇ. ಅವನನ್ನ ಕೊಂದುಬುಟ್ರೆ ಚೆಕ್ಕುಬಂದೀಲಿ ಯಾರ ಹೆಸರು ಬರೀತೀರಿ? ಇಷ್ಟು ಓದಿದೋರು, ಇಷ್ಟೂ ತಿಳೀದಾ?"

ಸಿಟ್ಟು ಬಂತು. ಆದರೂ ಅಲ್ಲೇ ಚಾಪೆಯ ಮೇಲೆ ಕೂತು ಕೊನೆ ಬದಲಿಸಿದೆ: ಎರಡೂ ಕಡೆಯ ಹುಡುಗರು ನೆಲದ ಪತ್ರಕ್ಕೆ ಪಕ್ಕದವನ ಹೆಸರು ಕೇಳಲು ಬಂದೂಕು ಇಳಿಸಿ ಎದುರಾಗುತ್ತಾರೆ. ಸಾಬರು ಒಂದು ಅಕ್ಷರವನ್ನೂ ಹೊಡೆದುಹಾಕದೆ ಪ್ರತಿ ಮಾಡಿದರು.

ಆ ಸಂಜೆಯೇ ಮಗನ ಕಾಗದ ಬಂತು ಎಂದು ಬರೆಯಲು ಕೈ ತುರಿಸುತ್ತದೆ. ಹಾಗೇನೂ ಆಗಲಿಲ್ಲ. ಕಾಗದ ಎಂದು ಬಂತೋ ನನಗೆ ತಿಳಿಯದು. ಮಗ ಬಂದದ್ದು ಮಾತ್ರ ನಿಜ, ಎಡಗಾಲು ಎಳೆಯುತ್ತಾ.

ಕೆಲವು ವರ್ಷಗಳ ಮೇಲೆ ಸಾಬರು ತೀರಿಕೊಂಡಾಗ ಅವನೇ ಮುಂದೆ ಹೆಗಲು ಕೊಟ್ಟ. ಏರು ದಾರಿ, ಅವನ ಕಾಲು ನೋಡಲಾರದೆ, ಅವನ ಜಾಗಕ್ಕೆ ನನ್ನ ಹೆಗಲು ಕೊಡಲು ಹೋದೆ.

"ಇರಿ ಮೇಷ್ಟ್ರೇ," ಎಂದ. "ಇನ್ನೊಂಚೂರು ದೂರ ನಾನೇ ಹೊರ್ತೀನಿ."