ಮ್ಯಾನೇಜರ್ ಮಿಸ್ಸಿನ ಶಾಲು

ಹೆಣ್ಣುಮಕ್ಕಳ ತಂಡ ಹೊರಗಿನ ಊರಿಗೆ ಆಡಲು ಹೋದರೆ ಜೊತೆಗೊಬ್ಬಳು ಶಿಕ್ಷಕಿ ಹೋಗಲೇಬೇಕು. ಕಾಗದದಲ್ಲಿ ಅವಳು ಟೀಮ್ ಮ್ಯಾನೇಜರ್. ಕೆಲಸವೆಂದರೆ ವಯಸ್ಸಿನ ದಾಖಲೆಗಳ ಫೈಲು ಹೊರುವುದು, ಎಲ್ಲರಿಗೂ ಊಟ ಸಿಕ್ಕಿತೇ ಎಂದು ನೋಡುವುದು. ವಿನೋಬನಗರದ ನಮ್ಮ ಹೈಸ್ಕೂಲಿನಿಂದ ಭದ್ರಾವತಿಗೆ ಹೊರಟ ಫುಟ್‌ಬಾಲ್ ತಂಡಕ್ಕೆ, ಗಣಿತ ಕಲಿಸುವ ನನ್ನನ್ನು ಹೆಡ್‌ಮಾಸ್ಟರು ಹೀಗೇ ಗಂಟುಹಾಕಿದರು.

ಸುಮ್ಮನೆ ಫೈಲು ಹೊತ್ತು ಬರಬಹುದಿತ್ತು. ನಮ್ಮ ಯಜಮಾನರು ಬಿಡಬೇಕಲ್ಲ! ಟೀವಿಯಲ್ಲಿ ಪರದೇಶದ ಪಂದ್ಯ ನೋಡಿ ನೋಡಿ ಪಂಡಿತರಾದವರು ಅವರು. ಗೆರೆಯ ಪಕ್ಕ ಕೋಟು ಹಾಕಿಕೊಂಡು ಕೂಗುತ್ತಾನಲ್ಲ, ಮುಕ್ಕಾಲು ಗೆಲುವು ಆ ಮ್ಯಾನೇಜರನದ್ದೇ ಎಂದರು. ನನಗೂ ಆಸೆ ಹತ್ತಿತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಸ್ಟಾಫ್ ರೂಮಿನ ಎಲ್ಲರಿಗೂ ಒಂದಲ್ಲ ಒಂದು ನೆಪಕ್ಕೆ ಸನ್ಮಾನದ ಶಾಲು ಬಿದ್ದಿದೆ. ನನ್ನ ಹೆಗಲಿಗೆ ವ್ಯಾನಿಟಿ ಬ್ಯಾಗು ಬಿಟ್ಟು ಬೇರೇನೂ ಬಿದ್ದಿಲ್ಲ. ಈ ಸಲ ಶಾಲು ಹೊದ್ದೇ ತೀರುವುದು ಎಂದು ಹೊರಟೆ.

ಭದ್ರಾವತಿಯಲ್ಲಿ ಎದುರಾಳಿಗಳು ಕಾರ್ಖಾನೆ ಕಡೆಯ ಹುಡುಗಿಯರು. ಅವರ ಅಪ್ಪಂದಿರು ಮೈದಾನದ ಸುತ್ತ ನಿಂತು ತಮಿಳಿನಲ್ಲಿ ಹುರಿದುಂಬಿಸುತ್ತಿದ್ದರು. ನಾನೇನು ಕಮ್ಮಿ? ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆಯ ಪಕ್ಕ ನಿಂತೆ. ಚೆಂಡು ಯಾರ ಹತ್ತಿರ ಹೋಯಿತೋ ಅವಳ ಹೆಸರು ಹಿಡಿದು, ಹಾಜರಿ ಕರೆಯುವ ಗಂಟಲಿನಲ್ಲಿ ಕೂಗಿದೆ. ಆದದ್ದೇ ಬೇರೆ. ನಮ್ಮ ಶಾಲೆಯಲ್ಲಿ ಮಿಸ್ ಹೆಸರು ಕರೆದರೆ ಮಾಡುತ್ತಿರುವುದನ್ನು ಬಿಟ್ಟು, ಕೈಕಟ್ಟಿ ನೆಟ್ಟಗೆ ನಿಂತು ‘ಎಸ್ ಮಿಸ್’ ಅನ್ನಬೇಕು. ಆ ಶಿಸ್ತು ಕಲಿಸಿದ ಮಹಾತಾಯಿಯೂ ನಾನೇ. ಕರೆದಾಗಲೆಲ್ಲ ಒಬ್ಬೊಬ್ಬಳೂ ಓಟ ನಿಲ್ಲಿಸಿ ಕೈಕಟ್ಟಿದಳು. ಗೋಲ್‌ಕೀಪರ್ ಕೈಕಟ್ಟಿದಾಗ ಚೆಂಡು ಅವಳ ಪಕ್ಕದಲ್ಲೇ ಒಳಗೆ ಹೋಯಿತು.

ಹಾಫ್ ಟೈಮಿನಲ್ಲಿ ಒಬ್ಬಳು ಮೈದಾನ ಸರಿಯಿಲ್ಲ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಲ್ಲರನ್ನೂ ಸೇರಿಸಿ ಬೈದೆ. ಆಗ ಕ್ಯಾಪ್ಟನ್ ಹುಡುಗಿ ಮೆಲ್ಲಗೆ ಹತ್ತಿರ ಬಂದಳು. ಕ್ಲಾಸಿನಲ್ಲಿ ನನ್ನೆದುರು ತಲೆ ಎತ್ತದ ಹುಡುಗಿ ಅದು.

“ಮಿಸ್, ಬೇಜಾರ್ ಮಾಡ್ಕೋಬೇಡಿ. ಗೇಟ್ ಹೊರಗೆ ಕಾಫಿ ಸಿಗುತ್ತೆ. ಮ್ಯಾಚ್ ಮುಗಿಯೋವರೆಗೂ ಅಲ್ಲೇ ಇರ್ತೀರಾ?”

ಮೈಯೆಲ್ಲ ಉರಿದುಹೋಯಿತು. ಶಾಲು ಕೈತಪ್ಪಿತು ಎಂದು ಅಳುವೂ ಬಂತು. ಆದರೆ ಅವಳ ತುಟಿ ನಡುಗುತ್ತಿತ್ತು. ಆ ಒಂದು ಮಾತಿಗೆ ಅದೆಷ್ಟು ಧೈರ್ಯ ಕೂಡಿಸಿಕೊಂಡು ಬಂದಿದ್ದಳೋ. ಫೈಲು ಎತ್ತಿಕೊಂಡು ಹೋದೆ. ಕಾಫಿ ಕೆಟ್ಟದಾಗಿತ್ತು. ಎರಡು ಲೋಟ ಮುಗಿಯುವಷ್ಟರಲ್ಲಿ ಗೋಡೆಯಾಚೆ ಎರಡು ಸಲ ಕೇಕೆ ಎದ್ದಿತು. ಎರಡೂ ನಮ್ಮದೇ ಗೋಲು.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ನನಗೆ ಶಾಲು ಬಿತ್ತು, ಹಾರವೂ ಬಿತ್ತು. ಹೆಡ್‌ಮಾಸ್ಟರು ಗೆಲುವಿನ ಗುಟ್ಟು ಹೇಳಿ ಎಂದು ಮೈಕು ಕೊಟ್ಟರು. ಹಾಫ್ ಟೈಮಿನಲ್ಲಿ ನಾನೊಂದು ತೀರ್ಮಾನ ಮಾಡಿದೆ ಎಂದು ಗತ್ತಿನಿಂದ ಶುರುಮಾಡಿದೆ. ಎದುರಿಗೆ ಆ ಹನ್ನೊಂದು ಮುಖ. ಮುಂದೆ ಸುಳ್ಳೂ ಬರಲಿಲ್ಲ, ನಿಜ ಹೇಳಲು ನಾಲಿಗೆಯೂ ಏಳಲಿಲ್ಲ. ಕ್ಯಾಪ್ಟನ್ನೇ ಹೇಳಲಿ ಎಂದು ಮೈಕು ದಾಟಿಸಿ, ಮಾನ ಹೋಯಿತು ಎಂದುಕೊಂಡು ಶಾಲನ್ನು ಬಿಗಿಯಾಗಿ ಹಿಡಿದುಕೊಂಡೆ.

“ನಾನು ಹೇಳಿದ್ದನ್ನ ಮಿಸ್ ಕೇಳಿದ್ರು,” ಎಂದಳು. “ಫಸ್ಟ್ ಟೈಮ್.”

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಮೂರು ವರ್ಷದಿಂದ ಅವಳಿಗೆ ನಾನೇ ಪಾಠ ಮಾಡುತ್ತಿದ್ದೆ.